ಕೆಂಪು ಹೆಸರು

ಕಶಿದಾನಿ, ತ್ಸುಶಿಮಾ
ಮೇ ೮, ಗುರುವಾರ, ಹೊರಗೆ ಮಳೆ

ನಮ್ಮ ಮನೆಯ ಅಜ್ಜನಿಗೆ,

ಹೇಗಿದ್ದೀರಿ? ಸೊಂಟದ ನೋವು ಇಳಿದಿದೆಯೇ? ಬಲಗಾಲು ಊರಲು ಬರುತ್ತಿದೆಯೇ? ಮಗಳು ಸನಾಯೆಯ ಕೈಯಲ್ಲಿ ಕಳಿಸಿದ ಉಮೆ ಹಣ್ಣಿನ ಉಪ್ಪಿನಕಾಯಿ ಇನ್ನೂ ಇದೆಯೋ, ಅಕ್ಕಪಕ್ಕದ ಮಂಚದವರಿಗೆಲ್ಲ ಹಂಚಿ ಮುಗಿಸಿದಿರೋ? ಅವಳು ಪ್ರತಿ ಭಾನುವಾರ ನಿಮ್ಮನ್ನು ನೋಡಿಕೊಂಡು ತನ್ನ ಬಂದರಿನ ಊರಿಗೆ ಹಿಂತಿರುಗಿದ ಮೇಲೆ ನನಗೆ ಫೋನ್ ಮಾಡುತ್ತಾಳೆ. ನೀವು ಅನ್ನ ಅರ್ಧಕ್ಕರ್ಧ ಬಿಡುತ್ತೀರಂತೆ. ನಿಮ್ಮನ್ನು ನಡೆಸಿ ಅಭ್ಯಾಸ ಮಾಡಿಸಲು ಬರುವ ಹುಡುಗಿಯನ್ನು ಕಂಡರೆ ಗೋಡೆ ಕಡೆ ತಿರುಗಿ ಮಲಗುತ್ತೀರಂತೆ. ಕೇಳಿದರೆ ಆಸ್ಪತ್ರೆಯ ಕಾರಿಡಾರೇ ಇಳಿಜಾರಾಗಿದೆ ಎನ್ನುತ್ತೀರಂತೆ. ಕುಣಿಯಲಾರದವರಿಗೆ ನೆಲ ಡೊಂಕು. ಜಿಂಕೆಯೂ ಯೋಚಿಸಿ ಇಳಿಯುವ ನಮ್ಮ ಗುಡ್ಡದಲ್ಲಿ ಐವತ್ತು ವರ್ಷ ಬೆನ್ನ ಮೇಲೆ ದಿಮ್ಮಿ ಹೊತ್ತು ನಡೆದವರು ಆಡುವ ಮಾತೇ ಇದು?

ನಾನು ಚೆನ್ನಾಗಿದ್ದೇನೆ. ಎಡಮಂಡಿ ಮಾತ್ರ ಬದನೆಕಾಯಿ ಬಣ್ಣಕ್ಕೆ ತಿರುಗಿದೆ, ಅದರ ಕಥೆ ಮುಂದೆ ಬರುತ್ತದೆ, ಸನಾಯೆಗೆ ಹೇಳಬೇಡಿ. ಈರುಳ್ಳಿ ಕಿತ್ತಾಯಿತು. ಎರಡು ಸಾಲು ಕಡಿಮೆ, ಅದರ ಕಥೆಯೂ ಮುಂದೆ ಬರುತ್ತದೆ. ಅಣಬೆಯ ದಿಮ್ಮಿಗಳು ಮಳೆಗೆ ಚೆನ್ನಾಗಿ ಮೊಳೆತಿವೆ. ಹಂದಿ ಬೇಲಿ ಒಂದು ಕಡೆ ಬಾಗಿತ್ತು, ನಾನೇ ಕಟ್ಟಿದೆ. ಮೊಮ್ಮಗಳು ಹೊನೊಕಾ ಈಗ ನಾಲ್ಕನೇ ತರಗತಿಗೆ ಹೋಗುತ್ತಿದ್ದಾಳೆ. ಅವಳು ಹುಟ್ಟಿದಂದಿನಿಂದ ನಿಮ್ಮನ್ನು 'ಅಜ್ಜ' ಎಂದೇ ಕರೆದು ನನ್ನ ನಾಲಗೆಗೆ ರೂಢಿಯಾಗಿಬಿಟ್ಟಿದೆ. ಕಾಗದದಲ್ಲಿ ಮಸುಜಿರೊ ಎಂದು ಬರೆಯಹೋದರೆ ಬೇರೆ ಯಾರದೋ ಗಂಡನಿಗೆ ಬರೆದ ಹಾಗಾಯಿತು, ಹಾಗಾಗಿ ಹೊಡೆದುಹಾಕಿದೆ. ಫೋನ್ ಇರುವಾಗ ಕಾಗದ ಏಕೆ ಎನ್ನಬೇಡಿ. ಫೋನಿನಲ್ಲಿ ನೀವು 'ಹೂಂ' ಎನ್ನುತ್ತೀರಿ, ಆಮೇಲೆ ಅದನ್ನೂ ಎನ್ನುವುದಿಲ್ಲ. ಬಸ್ಸು ಹಿಡಿದು ಬರೋಣವೆಂದರೆ ಅದು ಹೊರಡುವುದೂ ಜೇನು ಹಾರುವುದೂ ಒಂದೇ ಹೊತ್ತಿಗೆ, ಜೇನಿನ ಮಾತೇಕೆಂದು ಮುಂದೆ ಹೇಳುತ್ತೇನೆ. ಕಾಗದವಾದರೆ ನೀವು ಗೋಡೆ ಕಡೆ ತಿರುಗಿ ಮಲಗಿಕೊಂಡೂ ಓದಬಹುದು.

ಕೋಪದ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಸೋಮವಾರ ಮಧ್ಯಾಹ್ನ ಕಲ್ಲುಕುಟಿಗ ಇತೊಯಿ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹವೆಯ ಬಗ್ಗೆ ಮಾತಾಡಿದ, ಬೇಲಿಯ ಬಗ್ಗೆ ಮಾತಾಡಿದ, ಕೊನೆಗೆ ಬಾಯಿ ಬಿಟ್ಟ. ನೀವು ಆಸ್ಪತ್ರೆಯ ಫೋನಿನಿಂದ ಅವನಿಗೆ ಕರೆ ಮಾಡಿ, ಸಮಾಧಿಕಲ್ಲಿನ ಮೇಲೆ ನಿಮ್ಮ ಹೆಸರಿಗಿರುವ ಕೆಂಪನ್ನು ತೆಗೆದುಬಿಡು ಎಂದಿರಂತೆ. ನನಗೆ ಹೂಂ ಎನ್ನಲೂ ಉಸಿರಿಲ್ಲದವರಿಗೆ ಇಷ್ಟುದ್ದ ಮಾತು ಎಲ್ಲಿಂದ ಬಂತು? ಮೂರು ವರ್ಷದ ಹಿಂದೆ ಆ ಕಲ್ಲು ನಿಲ್ಲಿಸಿ ನಮ್ಮಿಬ್ಬರ ಹೆಸರನ್ನು ಅಕ್ಕಪಕ್ಕ ಕೆತ್ತಿಸಿದಾಗ, ಹೆಸರೇಕೆ ಕೆಂಪಗಿದೆ ಎಂದು ಹೊನೊಕಾ ಕೇಳಿದ್ದಳು. ನೀವು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. "ಬದುಕಿರೋರ ಹೆಸರು ಕೆಂಪು ಕಣಮ್ಮ. ಕೆಂಪಿರೋ ತನಕ ಅಜ್ಜ ಊಟಕ್ಕೆ ಮನೆಗೆ ಬರ್ತಾನೆ. ಕೆಂಪು ಹೋದ ಮೇಲೆ ಅವನ ಅನ್ನ ಹಿರಿಯರ ಗೂಡಿನ ಮುಂದೆ ಇಟ್ಟರಾಯ್ತು." ಅಂದು ನಾವೆಲ್ಲ ನಕ್ಕಿದ್ದೆವು. ಸೋಮವಾರ ನನಗೆ ನಗು ಬರಲಿಲ್ಲ. ಉಸಿರಾಡುತ್ತಿರುವ ಗಂಡನ ಅನ್ನದ ಬಟ್ಟಲನ್ನು ತೀರಿಹೋದ ಹಿರಿಯರ ಗೂಡಿನ ಮುಂದೆ ಇಡು ಎಂದು ನನಗೆ ಹೇಳಿಕಳಿಸಿದಿರಿ, ಅದೂ ಇತೊಯಿಯ ಬಾಯಲ್ಲಿ. ನಾನು ಅವನ ಎದುರಿಗೇ ಅತ್ತೆ. ಅವನು ಪಾಪ, ಚಹಾ ಕುಡಿಯದೆ ಎದ್ದು ಹೋದ.

ಆದರೆ ಅವನ ಕಸುಬು ಅವನಿಗೆ. ಕೆತ್ತಿಸಿದವರು ಕೆಂಪು ತೆಗೆ ಎಂದರೆ ಅವನು ತೆಗೆಯಲೇಬೇಕು, ಹೆಂಡತಿಯ ಮಾತು ನಡೆಯುವುದಿಲ್ಲ. ಮುಂದಿನ ಸೋಮವಾರ, ಹನ್ನೆರಡನೇ ತಾರೀಕು, ತಂತಿಬ್ರಷ್ ಹಿಡಿದು ಬರುತ್ತೇನೆ ಎಂದು ಹೋಗಿದ್ದಾನೆ. ಅಷ್ಟರೊಳಗೆ ನೀವಾಗಿ ಬೇಡವೆಂದರೆ ಮಾತ್ರ ಬಿಡುತ್ತಾನೆ. ನಿಮ್ಮ ಬಾಯಲ್ಲಿ 'ಬೇಡ' ಹೊರಡಿಸಲು ನನ್ನ ಬಳಿ ಒಂದೇ ದಾರಿ ಇದೆ, ಅದನ್ನು ನಾನು ಮಾರ್ಚ್ ತಿಂಗಳಿನಿಂದ ನಿಮಗೆ ಗೊತ್ತಿಲ್ಲದೆ ಮಾಡುತ್ತಲೂ ಇದ್ದೇನೆ. ನಿಮ್ಮ ಟೊಳ್ಳು ದಿಮ್ಮಿಗಳಿಗೆ ಜೇನು ಕೂರಿಸುವ ಕೆಲಸ. ಈಗ ನೀವು ಎದ್ದು ಕೂತಿರುತ್ತೀರಿ ಎಂದು ನನಗೆ ಗೊತ್ತು. ಕೂತುಕೊಂಡೇ ಓದಿ, ಸೊಂಟಕ್ಕೆ ಒಳ್ಳೆಯದು.

ಮದುವೆಯಾದ ಮೊದಲ ವರ್ಷ ನಾನು ಹೊಗೆಪಾತ್ರೆ ಬೀಳಿಸಿ ನಿಮ್ಮ ಅಪ್ಪನ ಕಿವಿಗೆ ಹದಿನಾಲ್ಕು ಕಡಿತ ಬಿದ್ದಾಗ ನೀವು ತೀರ್ಪು ಕೊಟ್ಟಿರಿ: "ನಿನ್ನ ಕೈ ಜೇನಿಗೆ ಆಗಿಬರಲ್ಲ, ದೂರ ಇರು." ಐವತ್ತೆರಡು ವರ್ಷ ದೂರ ಇದ್ದೆ. ಹನ್ನೊಂದು ದಿಮ್ಮಿಗಳಿಗೂ ನೀವು ಹೆಸರಿಟ್ಟಿದ್ದು ನನಗೆ ಗೊತ್ತು, ಯಾವುದಕ್ಕೂ ನಾನು ಕೈ ಹಚ್ಚಿದವಳಲ್ಲ. ಕಳೆದ ಶರತ್ಕಾಲದಲ್ಲಿ ಮರಿಹುಳು ಕೊಳೆಯುವ ರೋಗ ಬಂದು ಹತ್ತು ದಿಮ್ಮಿ ಒಂದೊಂದಾಗಿ ಸುಮ್ಮನಾದವು. ನೀವು ದಿನಾ ಸಂಜೆ ಬಂದು ಲೆಕ್ಕ ಹೇಳುತ್ತಿದ್ದವರು ಆಮೇಲೆ ಹೇಳುವುದನ್ನೂ ಬಿಟ್ಟಿರಿ. ಫೆಬ್ರವರಿಯ ಆ ಹಿಮದ ಬೆಳಗ್ಗೆ ಅಡುಗೆಮನೆ ಪಕ್ಕದ ಹನ್ನೊಂದನೆಯದಕ್ಕೆ ಕಿವಿ ಕೊಟ್ಟು ನೋಡಲು ಹೋಗಿ ಜಾರಿ ಬಿದ್ದಿರಿ. ಆಂಬುಲೆನ್ಸಿನಲ್ಲಿ ನಾನು ಎಲ್ಲಿ ನೋವು, ಎಷ್ಟು ನೋವು ಎಂದು ಕೇಳುತ್ತಿದ್ದರೆ ನೀವು ಆಸ್ಪತ್ರೆಯವರೆಗೂ ಆಡಿದ್ದು ಒಂದೇ ಮಾತು: "ಖಾಲಿ." ಮುರಿದದ್ದು ಸೊಂಟ ಮಾತ್ರವಲ್ಲ ಎಂದು ನನಗೆ ಅಂದೇ ಗೊತ್ತಾಯಿತು. ಡಾಕ್ಟರು ಸೊಂಟ ನೋಡಿಕೊಳ್ಳಲಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಅಂದೇ ತೀರ್ಮಾನಿಸಿದೆ.

ಮಾರ್ಚ್ ಕೊನೆಯಲ್ಲಿ ಹಿರಿಯರ ಸಮಾಧಿ ತೊಳೆಯುವ ವಾರ ಬಂತಲ್ಲ, ಬಕೆಟ್ಟು ಬ್ರಷ್ಷು ಹೇಗೂ ಹೊರಗಿತ್ತು. ಕಲ್ಲುಗಳು ಮುಗಿದ ಮೇಲೆ ನಿಮ್ಮ ದಿಮ್ಮಿಗಳ ಕಡೆ ತಿರುಗಿದೆ. ಹನ್ನೊಂದು ಮನೆಗಳಲ್ಲಿ ಸಾವಾಗಿದೆ, ಸೂತಕ ಕಳೆಯದೆ ಹೊಸ ಸಂಸಾರ ಬಂದೀತೇ? ಒಂದೊಂದನ್ನೂ ಮಲಗಿಸಿ ಕುದಿಯುವ ನೀರು ಹೊಯ್ದೆ, ಬೂದಿ ಹಾಕಿ ನಾರಿನ ಬ್ರಷ್ಷಿನಿಂದ ಒಳಗೆಲ್ಲ ಉಜ್ಜಿದೆ, ಹಳೆಯ ಮೇಣದ ಕರೆ ಒಂದು ಚೂರೂ ಉಳಿಯದ ಹಾಗೆ ಕೆರೆದೆ. ನಾಲ್ಕು ದಿನ ಬಿಸಿಲಿಗೆ ಒಣಗಿಸಿದೆ. ಕೊನೆಗೆ ಸಾವಿನ ಮನೆಯಿಂದ ಬಂದಾಗ ನಾವು ಹೊಸ್ತಿಲಲ್ಲಿ ಎರಚಿಕೊಳ್ಳುವ ಹಾಗೆ ಒಂದೊಂದಕ್ಕೂ ಒಂದೊಂದು ಹಿಡಿ ಉಪ್ಪು ಎರಚಿದೆ. ಅದೇ ಉತ್ಸಾಹದಲ್ಲಿ ನಿಮ್ಮ ಜೇನಿನ ಕೋಟು, ಟೋಪಿ, ಮುಖದ ಜಾಲರಿ ಎಲ್ಲ ಒಗೆದು ಹಾಕಿದೆ. ದಿಮ್ಮಿಗಳು ಹೊಸ ಅಕ್ಕಿಯ ಡಬ್ಬಗಳ ಹಾಗೆ ಘಮಘಮಿಸುತ್ತಿದ್ದವು. ಅಂದು ಸಂಜೆ ನನಗೆ ನನ್ನ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ ಗೆಣಸಿನ ಶಾವಿಗೆ ಮಾಡಿಕೊಂಡು ಎರಡು ಬಟ್ಟಲು ತಿಂದೆ.

ಇನ್ನು ನಿಮ್ಮ ಸೀತಾಳೆ ಹೂವಿನ ಕುಂಡಗಳು. ತುಡುವೆ ಜೇನು ಆ ಹೂವಿನ ವಾಸನೆಗೆ ಮರುಳಾಗಿ ಹಿಂಡುಹಿಂಡೇ ಬರುತ್ತದೆ ಎಂದು ನೀವು ಪಕ್ಕದ ಮನೆಯ ತಮಾಯೊಳ ಗಂಡನ ಹತ್ತಿರ ಪಿಸುಗುಟ್ಟುತ್ತಿದ್ದುದನ್ನು ನಾನು ಬಾವಿಕಟ್ಟೆಯಲ್ಲಿ ಕೇಳಿಸಿಕೊಂಡಿದ್ದೆ. ಚಳಿಗೆ ಎರಡು ಕುಂಡ ಉಳಿದಿದ್ದವು. ನೀವು ಅವಕ್ಕೆ ಈರುಳ್ಳಿ ತುಂಬುವ ಬಲೆಚೀಲ ತೊಡಿಸಿಟ್ಟಿದ್ದಿರಿ. ನನಗೆ ಈರುಳ್ಳಿಗೆ ಚೀಲ ಬೇಕಿತ್ತು. ಹೂವಿಗೆ ಬಟ್ಟೆ ಏಕೆ, ಅದೇನು ಮದುಮಗಳೇ ಎಂದುಕೊಂಡು ಮೊದಲ ಕುಂಡದ ಚೀಲ ಬಿಚ್ಚಿಕೊಂಡೆ. ಏಪ್ರಿಲ್ ಇಪ್ಪತ್ತರ ಹೊತ್ತಿಗೆ ಅದು ಅರಳಿತು. ಅಡುಗೆಮನೆ ಪಕ್ಕದ ದಿಮ್ಮಿಯ ಮುಂದೆ ಇಟ್ಟು, ಸೊಪ್ಪು ಸೋಸುವ ನೆಪದಲ್ಲಿ ದಿನವಿಡೀ ಅಲ್ಲೇ ಕೂತೆ.

ಇಪ್ಪತ್ತೇಳನೇ ತಾರೀಕು ಬಂದವು ನೋಡಿ! ಊಟದ ಹೊತ್ತಿಗೆ ಆಕಾಶ ಕಪ್ಪಾಗಿ, ಕಾಡಿನ ಕಡೆಯಿಂದ ಗುಂಯ್ ಎಂದು ಇಳಿದು, ನಿಮ್ಮ ಹೂವನ್ನು ಗಡ್ಡದ ಹಾಗೆ ಮುತ್ತಿಕೊಂಡವು. ಹತ್ತಿಪ್ಪತ್ತು ಹುಳ ದಿಮ್ಮಿಯೊಳಗೆ ಹೋದವು, ಹೊರಗೆ ಬಂದವು. ಮತ್ತೆ ಹೋದವು, ಮತ್ತೆ ಬಂದವು. ಬಾಡಿಗೆ ಮನೆ ನೋಡಲು ಬಂದವರು ಮೂಗು ಮುಚ್ಚಿಕೊಂಡು ಹೊರಬಂದ ಹಾಗಿತ್ತು. ಒಂದು ಗಂಟೆಯ ಮೇಲೆ ಇಡೀ ಹಿಂಡು ಎದ್ದು ಹಾರಿತು. ನೀರೆರಚಿದರೆ ಮಳೆಯೆಂದುಕೊಂಡು ಕೂರುತ್ತವೆ ಎಂದು ಕೇಳಿದ್ದೆ. ಬಕೆಟ್ಟು ಸೌಟು ಹಿಡಿದು ಹಿಂದೆ ಓಡಿದೆ. ಎಪ್ಪತ್ತೇಳು ವಯಸ್ಸಿಗೆ ಓಡಿದ್ದನ್ನು ಓಟ ಎನ್ನಬಹುದಾದರೆ, ತಮಾಯೊಳ ಹಿತ್ತಿಲು ದಾಟಿ ಗದ್ದೆಯ ಕಾಲುವೆಯವರೆಗೂ ಓಡಿದೆ. ಜೇನು ಕಾಲುವೆ ದಾಟಿತು, ನಾನು ಕಾಲುವೆಯೊಳಗೆ ಹೋದೆ. ಮಂಡಿ ಕಪ್ಪಾದದ್ದು ಅಲ್ಲಿ.

ಎತ್ತಿದ್ದು ತಮಾಯೊ. ಗಂಡ ತೀರಿ ಆರು ವರ್ಷವಾದರೂ ಅವಳ ನಾಲಗೆ ಮಾತ್ರ ಇನ್ನೂ ಸಾಣೆಗೆ ಹೋಗಿ ಬಂದ ಹಾಗೆಯೇ ಇದೆ ಎಂದು ನಿಮಗೆ ಗೊತ್ತು. ನನ್ನ ಒದ್ದೆ ಬಟ್ಟೆ ಹಿಂಡುವ ಮೊದಲು ದಿಮ್ಮಿಯೊಳಗೆ ಮೂಗು ತೂರಿಸಿ ನೋಡಿದಳು. ತೊಳೆದೆಯಾ ಎಂದಳು, ತೊಳೆದೆ ಎಂದೆ. ಉಪ್ಪೂ ಹಾಕಿದೆಯಾ ಎಂದಳು, ಹಾಕಿದೆ ಎಂದೆ. ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಹೇಳಿದ್ದು ಇಷ್ಟು: "ಜೇನಿಗೆ ಬೇಕಿರೋದು ಮನೆ ಕಣೆ ಕಿನುಯೆ. ನೀನು ಆಸ್ಪತ್ರೆ ಮಾಡಿಟ್ಟಿದೀಯ." ಹಿಂದೆ ಯಾರೋ ಬದುಕಿ ಬಾಳಿದ ಮೇಣದ ವಾಸನೆ ಇದ್ದರೇ ಅವಕ್ಕೆ ನಂಬಿಕೆಯಂತೆ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ನನ್ನ ಚೊಕ್ಕಟವೂ ಹಾಗಾಯಿತು. ಬಲೆಚೀಲದ ಗುಟ್ಟೂ ಅವಳೇ ಹೇಳಿದಳು. ಜೇನು ಮುಟ್ಟಿದರೆ ಆ ಹೂವು ಕೆಂಪಾಗಿ ವಾಸನೆ ಕಳೆದುಕೊಳ್ಳುತ್ತದೆ, ಮುಟ್ಟದಿರಲಿ ಎಂದೇ ಬಲೆ. ಎರಡು ದಿನದಲ್ಲಿ ಕುಂಡದ ಹೂವೆಲ್ಲ ಕೆಂಪೇರಿ ಕೆಲಸಕ್ಕೆ ಬಾರದಾಯಿತು. ಹೂವಿಗೆ ಕೆಂಪು ಬಂದರೆ ಮುಗಿಯಿತು, ನಮಗೆ ಕೆಂಪು ಹೋದರೆ ಮುಗಿಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡು ಮಂಡಿಗೆ ಪಟ್ಟಿ ಕಟ್ಟಿಕೊಂಡೆ.

ಆದರೆ ಒಂದು ಕುಂಡ ಇನ್ನೂ ಮೊಗ್ಗಾಗಿತ್ತು. ಬಲೆಯೂ ಮೈಮೇಲಿತ್ತು. ತಮಾಯೊ ತನ್ನ ಗಂಡನ ಕಾಲದ ಮೇಣದ ಉಂಡೆಯನ್ನು ಚಹಾದ ಡಬ್ಬದಿಂದ ತೆಗೆದು ಕೊಟ್ಟಳು. ಅದನ್ನು ಅವಳು ಆರು ವರ್ಷ ಏಕೆ ಇಟ್ಟುಕೊಂಡಿದ್ದಳು ಎಂದು ನಾನು ಕೇಳಲಿಲ್ಲ. ಕರಗಿಸಿ ಒಂದು ಹಳೆಯ ಬಟ್ಟೆಗೆ ಹೀರಿಸಿದೆವು. ಅಡುಗೆಮನೆ ಪಕ್ಕದ ದಿಮ್ಮಿಯನ್ನು ನಿಮ್ಮ ಮೆಚ್ಚಿನ ಜಾಗಕ್ಕೆ, ಗುಡ್ಡದ ಮೇಲಿನ ಬಂಡೆಯ ಅಡಿಗೆ, ಸಾಗಿಸುವುದೆಂದು ನಿರ್ಧರಿಸಿದೆವು. ಒಂಟಿಗಾಲಿಯ ಕೈಗಾಡಿಗೆ ದಿಮ್ಮಿ ಕಟ್ಟಿ, ಅವಳು ಮುಂದೆ ಹಗ್ಗ ಎಳೆದಳು, ನಾನು ಹಿಂದೆ ದೂಡಿದೆ. ಇಬ್ಬರ ವಯಸ್ಸು ಕೂಡಿದರೆ ನೂರೈವತ್ತಾರು. ಸಮಾಧಿಯ ಮೆಟ್ಟಿಲುಗಳ ಹತ್ತಿರ ಅವಳಿಗೆ ಸೀನು ಬಂತು, ಹಗ್ಗ ಬಿಟ್ಟಳು. ನಾನು ಪಕ್ಕಕ್ಕೆ ಹಾರಿ ಉಳಿದೆ. ದಿಮ್ಮಿ ಇಳಿಜಾರಿನಲ್ಲಿ ಉರುಳಿ, ಎರಡು ಸಾಲು ಈರುಳ್ಳಿ ಚಟ್ನಿ ಮಾಡಿ, ಅವಳದೇ ಬಚ್ಚಲ ಗೋಡೆಗೆ ಹೋಗಿ ಒರಗಿ ನಿಂತಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ನಮಗಿಬ್ಬರಿಗೂ ಮೀಸೆ ಇಲ್ಲ. ಮರುದಿನ ಮತ್ತೆ ಶುರು ಮಾಡಿದೆವು. ಹತ್ತು ಹೆಜ್ಜೆಗೊಮ್ಮೆ ಗಾಲಿಗೆ ಕಲ್ಲು ಕೊಟ್ಟು, ಕೂತು, ಎದ್ದು, ಮೂರು ಗಂಟೆಯಲ್ಲಿ ಮೇಲೆ ಮುಟ್ಟಿಸಿದೆವು. ನೀವು ಇಡುತ್ತಿದ್ದ ಹಾಗೆಯೇ ಬಾಗಿಲು ತೆಂಕಣಕ್ಕೆ, ತಲೆಯ ಮೇಲೆ ಚಪ್ಪಡಿ.

ಸೋಮವಾರ ಬೆಳಗ್ಗೆ ಎರಡನೇ ಕುಂಡ ಅರಳಿತು. ಅದನ್ನು ಎದೆಗೆ ಅವುಚಿಕೊಂಡು, ಮೇಣದ ಬಟ್ಟೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಹೊರಟೆ. ನಲವತ್ತಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಮುಷ್ಕರ ಹೂಡಿತು. ನಮ್ಮದೇ ಕಲ್ಲಿನ ಮುಂದೆ ಕೂತೆ, ಅಲ್ಲಿ ಕೂರಲು ಯಾರ ಅಪ್ಪಣೆ ಬೇಕು? ಮಳೆ ಹನಿಯತೊಡಗಿತ್ತು. ಮೇಣದ ಬಟ್ಟೆ ನೆನೆಯಬಾರದೆಂದು ಕಲ್ಲಿನ ಬುಡದ ಗೂಡಿನ ಗಾಳಿಕಿಂಡಿಯೊಳಗೆ ತುರುಕಿದೆ, ಕುಂಡವನ್ನು ಅದರ ಪಕ್ಕದ ಮೆಟ್ಟಿಲ ಮೇಲಿಟ್ಟೆ. ಅಷ್ಟರಲ್ಲಿ ಕೆಳಗೆ ಇತೊಯಿಯ ಗಾಡಿ ಹಾರ್ನ್ ಮಾಡಿತು. ಇಳಿದು ಹೋದೆ, ಅವನ ಮಾತು ಕೇಳಿದೆ, ಆಮೇಲೆ ಆ ದಿನ ನಾನು ಯಾವ ಕುಂಡವನ್ನೂ ನೆನೆಯುವ ಸ್ಥಿತಿಯಲ್ಲಿರಲಿಲ್ಲ. ಮಂಗಳವಾರದಿಂದ ಒಂದೇ ಸಮನೆ ಮಳೆ ಹೊಡೆಯುತ್ತಿದೆ. ಮೆಟ್ಟಿಲೆಲ್ಲ ಪಾಚಿ. ನಾನೂ ಜಾರಿ ಬಿದ್ದು ನಿಮ್ಮ ಪಕ್ಕದ ಮಂಚಕ್ಕೆ ಬಂದರೆ ಇಲ್ಲಿ ಇತೊಯಿಯನ್ನು ತಡೆಯುವವರು ಯಾರು ಎಂದು ಯೋಚಿಸಿ ಮನೆಯೊಳಗೇ ಇದ್ದೇನೆ. ಮಳೆ ನಿಂತ ಗಳಿಗೆಯಲ್ಲಿ ಕುಂಡವನ್ನು ಬಂಡೆಯ ಬುಡಕ್ಕೆ ಸಾಗಿಸುತ್ತೇನೆ.

ಇದಿಷ್ಟು ನನ್ನ ವರದಿ. ಜೇನು ಇನ್ನೂ ಬಂದಿಲ್ಲ, ಬರದೇ ಇರಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಉಳಿದ ಮೂರು ದಿನದಲ್ಲಿ ಮಳೆ ಬಿಟ್ಟಾಗಲೆಲ್ಲ ನಾನು ಗುಡ್ಡ ಹತ್ತುತ್ತೇನೆ. ಬರದಿದ್ದರೆ ಸೋಮವಾರ ಬೆಳಗ್ಗೆಯೇ ಹೋಗಿ ಕಲ್ಲಿಗೆ ಬೆನ್ನು ಕೊಟ್ಟು ಕೂರುತ್ತೇನೆ, ನಿಮ್ಮ ಹೆಸರು ಸರಿಯಾಗಿ ನನ್ನ ಬೆನ್ನ ಹಿಂದೆ ಬರುತ್ತದೆ, ಇತೊಯಿ ಬೇಕಾದರೆ ನನ್ನ ಮೇಲೆ ಬ್ರಷ್ ಉಜ್ಜಲಿ. ಪಟ್ಟಣದಲ್ಲಿ ಲಿಫ್ಟ್ ಇರುವ ಮನೆ ನೋಡುತ್ತೇನೆ, ಇಬ್ಬರೂ ಇಳಿದು ಬನ್ನಿ ಎಂದು ಸನಾಯೆ ಹೇಳುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ. ನೀವು ನಿಜವಾಗಿ ಅದನ್ನೇ ಬಯಸಿದರೆ ನಾನೂ ಬರುತ್ತೇನೆ. ಆದರೆ ಗೋಡೆಗೆ ಮುಖ ಮಾಡಿಕೊಂಡು ಬಯಸಿದ್ದನ್ನು ನಾನು ಒಪ್ಪುವುದಿಲ್ಲ. ನನ್ನ ಕಡೆ ತಿರುಗಿ ಹೇಳಿ. ನೀವಿಲ್ಲದ ಮನೆಯಲ್ಲಿ ಒಂದು ಬಟ್ಟಲು ಅನ್ನ ಮಾಡುವುದು ನನಗೆ ಇನ್ನೂ ಬಂದಿಲ್ಲ. ದಿನಾ ಎರಡು ಬಟ್ಟಲಿನದಾಗುತ್ತದೆ, ಮರುದಿನ ಗಂಜಿ ಮಾಡಿಕೊಳ್ಳುತ್ತೇನೆ.

ನಡೆಸಲು ಬರುವ ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ, ಅವಳ ಮುಂದೆ ಹಲ್ಲು ಕಡಿಯಬೇಡಿ. ಪಕ್ಕದ ಮಂಚದವರಿಗೆ ಉಮೆ ಇನ್ನೊಂದು ಸೀಸೆ ಕಳಿಸುತ್ತೇನೆ. ತಮಾಯೊ ನಿಮಗೆ ಏನೋ ಒಂದು ಬೈಗುಳ ಹೇಳಿದ್ದಾಳೆ, ಅದನ್ನು ಅವಳ ಶುಭಾಶಯವೆಂದು ತಿಳಿಯಿರಿ. ಬೆನ್ನು ಬೆಚ್ಚಗಿಟ್ಟುಕೊಳ್ಳಿ. ಬುದ್ಧನೂ ಬೆಟ್ಟದ ದೇವರೂ ನಿಮ್ಮ ಸೊಂಟದ ಮೇಲೆ ಒಂದೊಂದು ಕೈ ಇಟ್ಟಿರಲಿ.

ಇಂತು,
ಕಲ್ಲಿನ ಮೇಲೆ ನಿಮ್ಮ ಎಡಕ್ಕೆ ಇರುವ
ಕಿನುಯೆ

ತಾ.ಕ.: ಶುಕ್ರವಾರ, ಮಧ್ಯಾಹ್ನ. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಅಂಚೆಯ ಗಾಡಿ ಮೂರಕ್ಕೆ ಬರುತ್ತದೆ, ಅಕ್ಷರ ಸೊಟ್ಟಗಿದ್ದರೆ ಅದು ಅವಸರದಿಂದ. ಬೆಳಗ್ಗೆ ಬಿಸಿಲು ಬಂತು. ಕುಂಡ ತರಲು ಮೆಟ್ಟಿಲು ಹತ್ತಿದೆ. ಮೂವತ್ತನೇ ಮೆಟ್ಟಿಲಿಗೇ ಸದ್ದು ಕೇಳಿಸಿತು. ಕುಂಡದ ಬಲೆಯ ತುಂಬ ಜೇನು, ಕಲ್ಲಿನ ಬುಡದ ತುಂಬ ಜೇನು. ನಾನು ಮೇಣದ ಬಟ್ಟೆ ತುರುಕಿದ್ದ ಕಿಂಡಿಯಲ್ಲಿ ಸಾಲುಗಟ್ಟಿ ಒಳಗೆ ಹೋಗುತ್ತಿವೆ, ಒಂದೂ ಮೂಗು ಮುಚ್ಚಿಕೊಂಡು ಹೊರಗೆ ಬರುತ್ತಿಲ್ಲ. ನಮ್ಮಿಬ್ಬರ ಬೂದಿಯ ಮಡಕೆಗೆಂದು ನೀವು ಕಟ್ಟಿಸಿದ ಆ ಕಲ್ಲುಗೂಡಿನೊಳಗೆ! ಈ ಆಸ್ತಿಯಲ್ಲಿ ನನಗೆ ಕೈ ಹಾಕಿ ತೊಳೆಯಲಾಗದಿದ್ದ ಒಂದೇ ಜಾಗ ಅದು. ತಮಾಯೊಳನ್ನು ಕೂಗಿ ತೋರಿಸಿದೆ. ಅವಳು ಬೈಯುವ ಬದಲು ನನ್ನ ಕೈ ಹಿಡಿದುಕೊಂಡಳು. ಇತೊಯಿಗೂ ಫೋನ್ ಮಾಡಿದೆ. ಬಂದ, ಟೋಪಿ ತೆಗೆದ, ಕಲ್ಲಿಗೆ ಕೈ ಮುಗಿದ. "ಒಳಗೆ ಸಂಸಾರ ಇರೋವಾಗ ಹೊರಗಿಂದ ಉಜ್ಜಕ್ಕಾಗಲ್ಲ ಅಜ್ಜಿ. ಯಜಮಾನ್ರೇ ಬಂದು ನೋಡಿ ಹೇಳಲಿ, ಅಲ್ಲಿ ತನಕ ಆ ಕೆಂಪು ಹಾಗೇ ಇರ್ಲಿ" ಎಂದು ಹೇಳಿ ಹೋದ. ನಾನು ನಿಮ್ಮ ಹೆಸರಿನ ಮೇಲೆ ಕಿವಿ ಇಟ್ಟು ಕೇಳಿದೆ. ಖಾಲಿ ಇಲ್ಲ ರೀ. ತುಂಬಿದೆ.

ಹಾಗಾಗಿ ಈಗಲೇ ಹೇಳಿಬಿಡುತ್ತೇನೆ, ಸದ್ಯಕ್ಕೆ ಅಲ್ಲಿ ನಿಮಗೂ ಜಾಗವಿಲ್ಲ, ನನಗೂ ಇಲ್ಲ. ಸೆಪ್ಟೆಂಬರಿನಲ್ಲಿ ಜೇನು ತುಂಬಿದ ಎರಿ ಕೊಯ್ಯಬೇಕು. ಅದಕ್ಕೆ ಒಬ್ಬರು ಹೊಗೆ ಹಿಡಿಯಬೇ­ಕು, ಒಬ್ಬರು ಕೊಯ್ಯಬೇಕು, ನನ್ನ ಕೈಗೆ ಹೊಗೆಪಾತ್ರೆ ಕೊಟ್ಟರೆ ಏನಾಗುತ್ತದೆ ಎಂದು ನಿಮ್ಮ ಅಪ್ಪನ ಕಿವಿಗೆ ಗೊತ್ತು. ನಲವತ್ತಮೂರು ಮೆಟ್ಟಿಲು, ನಾಲ್ಕು ತಿಂಗಳು. ಇದನ್ನು ಓದಿದ ದಿನ ಆ ಹುಡುಗಿ ಬಂದರೆ ಎದ್ದು ನಿಲ್ಲಿ. ನಿಮ್ಮ ಜೇನಿನ ಬೂಟು ಕೊಟ್ಟಿಗೆಯಲ್ಲಿ ಸಿಕ್ಕಿತು, ಫೆಬ್ರವರಿಯ ಕೆಸರು ಅದರಲ್ಲಿ ಹಾಗೇ ಇದೆ. ಬ್ರಷ್ ಎತ್ತಿಕೊಂಡಿದ್ದೆ, ಕೆಳಗಿಟ್ಟೆ. ತೊಳೆಯದೆ ಹೊಸ್ತಿಲ ಹತ್ತಿರ ಇಟ್ಟಿದ್ದೇನೆ.